ಎಫ್‌ಟಿಪಿಯಲ್ಲಿ ಬಂದ ಫೈಲಿಗೆ ವೈರಸ್ ತಪಾಸಣೆ

ಎಫ್‌ಟಿಪಿ ಎಂದರೆ ಒಂದು ಕಂಪ್ಯೂಟರಿನಲ್ಲಿರುವ ಫೈಲನ್ನು ಇನ್ನೊಂದಕ್ಕೆ ಸಾಗಿಸಲು ಮಾಡಿಕೊಂಡ ನಿಯಮಗಳ ಕಟ್ಟು. ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್ ಎಂಬುದು ಅದರ ಪೂರ್ತಿ ಹೆಸರು. ಕೇಳಿದ ಫೈಲನ್ನು ಕೇಳಿದವರಿಗೆ ಮುಟ್ಟಿಸುವುದಷ್ಟೇ ಅದರ ಹೊಣೆ. ಫೈಲಿನೊಳಗೆ ವೈರಸ್ ಇದೆಯೇ, ಕಳಿಸಿದವರು ನಂಬಿಕಸ್ಥರೇ, ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂಬುದನ್ನು ಅದು ನೋಡುವುದಿಲ್ಲ. ಹಾಗಾಗಿ ಎಫ್‌ಟಿಪಿ ಮೂಲಕ ಬಂದ ಫೈಲಿನ ತಪಾಸಣೆಯನ್ನು ಬಳಸುವವರೇ ಏರ್ಪಡಿಸಿಕೊಳ್ಳಬೇಕು. ಫೈಲಿನ ಪ್ರಯಾಣದ ಯಾವ ಘಟ್ಟದಲ್ಲಿ ಆಂಟಿವೈರಸ್ ಅದನ್ನು ನೋಡುತ್ತದೆ, ಯಾವ ಘಟ್ಟದಲ್ಲಿ ಫೈಲ್ ಅದರ ಕಣ್ಣು ತಪ್ಪಿಸುತ್ತದೆ ಎಂಬುದು ತಿಳಿದರೆ ಏರ್ಪಾಡು ಕಷ್ಟವಲ್ಲ.

ಎಫ್‌ಟಿಪಿ ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸಾಸ್ತೂರ, ಉಮರ್ಗಾ, ನಿಲಂಗಾ, ಉದಗೀರದಂಥ ಮಹಾರಾಷ್ಟ್ರದ ಗಡಿಯೂರುಗಳಲ್ಲಿ ಆ ಹೆಸರು ಕೇಳದವರೂ ಅದನ್ನು ಬಳಸುತ್ತಿರಬಹುದು. ಕೇಬಲ್ ಇಲ್ಲದೆ ಮೊಬೈಲಿನ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಹಲವು ಮೊಬೈಲ್‌ಗಳ ಫೈಲ್ ಮ್ಯಾನೇಜರಿನಲ್ಲಿ ಕೊಟ್ಟಿರುವ ಸೌಲಭ್ಯ ಎಫ್‌ಟಿಪಿಯದೇ. ಕಚೇರಿಯ ಝೆರಾಕ್ಸ್ ಯಂತ್ರ ಸ್ಕ್ಯಾನ್ ಮಾಡಿದ ಪುಟಗಳನ್ನು ಕಂಪ್ಯೂಟರಿನ ಒಂದು ಫೋಲ್ಡರಿಗೆ ತಾನೇ ಕಳಿಸುವುದು, ಸಿಸಿಟಿವಿ ಕ್ಯಾಮೆರಾ ಚಿತ್ರಗಳನ್ನು ಬೇರೆಡೆ ಜಮಾ ಮಾಡುವುದು, ಶಾಲೆಯ ಅಥವಾ ಸಂಘದ ವೆಬ್‌ಸೈಟಿಗೆ ಹೊಸ ಪುಟ ಏರಿಸುವುದು, ಡಿಟಿಪಿ ಅಂಗಡಿಯವರು ಇ-ಮೇಲಿಗೆ ಹಿಡಿಸದಷ್ಟು ದೊಡ್ಡ ಫೈಲನ್ನು ಮುದ್ರಣಾಲಯಕ್ಕೆ ಕಳಿಸುವುದು, ಇವೆಲ್ಲ ಇಂದಿಗೂ ಅನೇಕ ಕಡೆ ಎಫ್‌ಟಿಪಿಯಲ್ಲೇ ನಡೆಯುತ್ತವೆ. ಸಣ್ಣ ಊರಿನ ಅಂಗಡಿಯಲ್ಲಿ ಕಂಪ್ಯೂಟರ್ ಇರುವುದೇ ಒಂದೋ ಎರಡೋ. ಜಮೀನಿನ ಸಾತ್‌ಬಾರಾ ಉತಾರಾ ತೆಗೆಯುವುದು, ಮರಾಠಿ ಅರ್ಜಿ ತುಂಬುವುದು, ಕನ್ನಡ ಲಗ್ನಪತ್ರಿಕೆ ಜೋಡಿಸುವುದು, ಗಿರಾಕಿಯ ಪೆನ್‌ಡ್ರೈವ್ ಹಚ್ಚುವುದು ಎಲ್ಲವೂ ಅದರಲ್ಲೇ. ಅಂಥ ಕಂಪ್ಯೂಟರಿಗೆ ಒಂದು ಸೋಂಕಿತ ಫೈಲ್ ಬಂದರೆ ಊರಿನ ಪೆನ್‌ಡ್ರೈವ್‌ಗಳಿಗೆಲ್ಲ ಅದು ಹರಡಬಲ್ಲದು.

ನಂಬಿಕೆಯ ಕಾಲದಲ್ಲಿ ಹುಟ್ಟಿದ ನಿಯಮ

ಎಫ್‌ಟಿಪಿಯ ಮೊದಲ ಕರಡನ್ನು ಬರೆದವರು ಭಾರತೀಯರು. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಅವರು 1971ರ ಏಪ್ರಿಲ್ 16ರಂದು ಅದನ್ನು ಆರ್‌ಎಫ್‌ಸಿ 114 ಎಂಬ ಟಿಪ್ಪಣಿಯಾಗಿ ಹೊರತಂದರು. ಆಗ ಇಂಟರ್‌ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು. ಬಳಸುವವರು ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಗೊತ್ತಿದ್ದವರು. ಅದೇ 1971ರಲ್ಲಿ ಕ್ರೀಪರ್ ಎಂಬ ಪ್ರೋಗ್ರಾಂ ಅದೇ ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಸಂಚರಿಸಿತು. ಅದು ಪ್ರಯೋಗಕ್ಕೆಂದು ಬರೆದದ್ದು, ಕೇಡು ಮಾಡುವ ಉದ್ದೇಶದ್ದಲ್ಲ. ಜನಸಾಮಾನ್ಯರ ಪಿಸಿಗಳಿಗೆ ಹರಡಿದ ಬ್ರೇನ್ ವೈರಸ್ ಲಾಹೋರಿನಿಂದ ಹೊರಟದ್ದು 1986ರಲ್ಲಿ. ಅದಕ್ಕೆ ಮುಂಚೆಯೇ, 1985ರ ಅಕ್ಟೋಬರಿನಲ್ಲಿ, ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಎಫ್‌ಟಿಪಿಗೆ ಇಂದಿನ ರೂಪ ಕೊಟ್ಟ ಆರ್‌ಎಫ್‌ಸಿ 959 ಪ್ರಕಟವಾಗಿತ್ತು. ವೈರಸ್ಸಿನ ಭಯ ಹಬ್ಬುವ ಮೊದಲೇ ನಿಯಮ ಗಟ್ಟಿಯಾಗಿದ್ದರಿಂದ ತಪಾಸಣೆಯ ಮಾತು ಅದರೊಳಗೆ ಬರಲಿಲ್ಲ.

ತಪಾಸಣೆಯ ಕಸುಬು ಬೇರೆಯಾಗಿಯೇ ಬೆಳೆಯಿತು, ಅದರಲ್ಲಿ ಮಹಾರಾಷ್ಟ್ರದ ಪಾಲೂ ಇದೆ. ಪುಣೆಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುತ್ತಿದ್ದ ಕೈಲಾಸ್ ಕಾಟ್ಕರ್ ಅವರಿಗೆ ಬರುತ್ತಿದ್ದ ಯಂತ್ರಗಳಲ್ಲಿ ಮೈಕೆಲ್ಯಾಂಜೆಲೊದಂಥ ವೈರಸ್‌ಗಳ ಕಾಟ ಇರುತ್ತಿತ್ತು. ಅವುಗಳನ್ನು ತೆಗೆಯಲು ಅವರ ತಮ್ಮ ಸಂಜಯ್ ಕಾಟ್ಕರ್ ಬರೆದ ಸಣ್ಣ ಪ್ರೋಗ್ರಾಂಗಳೇ ಮುಂದೆ ಕ್ವಿಕ್ ಹೀಲ್ ಆದವು. ನೆಟ್ ಪ್ರೊಟೆಕ್ಟರ್ ಕೂಡ ಪುಣೆಯದೇ. ಆಗ ವೈರಸ್ ಬರುತ್ತಿದ್ದದ್ದು ಫ್ಲಾಪಿಯಲ್ಲಿ, ಆಂಟಿವೈರಸ್ ಕಾಯುತ್ತಿದ್ದದ್ದೂ ಡಿಸ್ಕನ್ನು. ಇಂಟರ್‌ನೆಟ್ ಬಂದ ಮೇಲೆ ಇ-ಮೇಲ್ ಮತ್ತು ವೆಬ್ ಬಾಗಿಲುಗಳಿಗೆ ಬೇರೆ ಕಾವಲು ಬಂತು. ಎಫ್‌ಟಿಪಿಯ ಬಾಗಿಲಿಗೆ ಅಂಥ ಕಾವಲು ಎಲ್ಲ ಆಂಟಿವೈರಸ್‌ಗಳಲ್ಲೂ ಇಲ್ಲ.

ಎರಡು ಸಂಪರ್ಕ, ಒಂದು ತೊಡಕು

ಎಫ್‌ಟಿಪಿ ಎರಡು ಸಂಪರ್ಕಗಳನ್ನು ಬಳಸುತ್ತದೆ. ಒಂದು ಆಜ್ಞೆಗಳದು: ಬಳಕೆದಾರನ ಹೆಸರು, ಪಾಸ್‌ವರ್ಡ್, ಯಾವ ಫೋಲ್ಡರ್, ಯಾವ ಫೈಲ್ ಎಂಬ ಮಾತುಕತೆ ಸರ್ವರಿನ 21ನೇ ಪೋರ್ಟಿನಲ್ಲಿ, ಅಂದರೆ ಸಂಖ್ಯೆ ಹಾಕಿದ ಒಂದು ದ್ವಾರದಲ್ಲಿ, ನಡೆಯುತ್ತದೆ. ಫೈಲು ಬರುವುದು ಮಾತ್ರ ಇನ್ನೊಂದು ಸಂಪರ್ಕದಲ್ಲಿ. ಆಕ್ಟಿವ್ ಪದ್ಧತಿಯಲ್ಲಿ ಸರ್ವರ್ ತಾನೇ ಕರೆ ಹಚ್ಚಿ ಫೈಲ್ ಕೊಡುತ್ತದೆ. ಪ್ಯಾಸಿವ್ ಪದ್ಧತಿಯಲ್ಲಿ ಸರ್ವರ್ ಒಂದು ಪೋರ್ಟ್ ಸಂಖ್ಯೆ ಹೇಳುತ್ತದೆ, ಕೇಳುವವರು ಅಲ್ಲಿಗೆ ಹೋಗಿ ಪಡೆಯುತ್ತಾರೆ. ಆ ಸಂಖ್ಯೆ ಪ್ರತಿ ಸಲ ಬದಲಾಗಬಹುದು. ಹಾಗಾಗಿ ಜಾಲದ ನಡುವೆ ನಿಂತು ನೋಡುವ ಯಾವುದೇ ತಪಾಸಕ ಮೊದಲು ಆಜ್ಞೆಗಳ ಮಾತುಕತೆಯನ್ನು ಓದಿ, ಯಾವ ಫೈಲ್ ಯಾವ ಪೋರ್ಟಿನಲ್ಲಿ ಬರಲಿದೆ ಎಂದು ತಿಳಿದು, ನಂತರ ಆ ಎರಡನೆಯ ಸಂಪರ್ಕವನ್ನು ಹಿಡಿಯಬೇಕು. ವೆಬ್ ಪುಟಗಳನ್ನು ತಪಾಸಿಸುವಷ್ಟು ಸರಳ ಕೆಲಸ ಇದಲ್ಲ.

ಬ್ರೌಸರ್ ಬಿಟ್ಟುಹೋದ ಮೇಲೆ

ಒಂದು ಕಾಲಕ್ಕೆ ಬ್ರೌಸರಿನ ವಿಳಾಸಪಟ್ಟಿಯಲ್ಲೇ ಎಫ್‌ಟಿಪಿ ವಿಳಾಸ ಬರೆದು ಫೈಲ್ ಇಳಿಸಿಕೊಳ್ಳಬಹುದಿತ್ತು. 2021ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 90 ಆ ಸೌಲಭ್ಯವನ್ನು ತೆಗೆದುಹಾಕಿತು, ಅದೇ ವರ್ಷ ಅಕ್ಟೋಬರಿನ ಕ್ರೋಮ್ 95 ಕೂಡ ಹಾಗೇ ಮಾಡಿತು. ಈಗ ಎಫ್‌ಟಿಪಿಗೆ ಸಾಮಾನ್ಯವಾಗಿ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿಯಂಥ ಪ್ರತ್ಯೇಕ ಪ್ರೋಗ್ರಾಂ ಬೇಕು, ಇಲ್ಲವೇ ವಿಂಡೋಸಿನೊಳಗಿನ ಹಳೆಯ ಎಫ್‌ಟಿಪಿ ಕಮಾಂಡ್ ಬಳಸಬೇಕು. ಈ ಬದಲಾವಣೆಯಿಂದ ತಪಾಸಣೆಯ ಎರಡು ಆಸರೆಗಳು ಕಳಚಿಕೊಳ್ಳಬಹುದು.

ವಿಂಡೋಸಿನಲ್ಲಿ ಬ್ರೌಸರ್ ಒಂದು ಫೈಲನ್ನು ಇಳಿಸಿ ಮುಗಿಸಿದ ಕೂಡಲೇ ಅದನ್ನು ಆಂಟಿವೈರಸ್ಸಿಗೆ ತೋರಿಸಿ ಒಪ್ಪಿಗೆ ಕೇಳುವ ಪದ್ಧತಿ ಇದೆ. ಎಫ್‌ಟಿಪಿ ಪ್ರೋಗ್ರಾಂ ಹೀಗೆ ಕೇಳುತ್ತದೆಂಬ ಭರವಸೆ ಇಲ್ಲ. ಇದು ಮೊದಲನೆಯ ಆಸರೆ.

ಎರಡನೆಯದು ಹೆಚ್ಚು ಜನರಿಗೆ ತಿಳಿಯದ್ದು. 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದೀಚೆಗೆ, ಇಂಟರ್‌ನೆಟ್ಟಿನಿಂದ ಬ್ರೌಸರ್ ಇಳಿಸಿದ ಫೈಲಿನ ಜೊತೆಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಕೊಂಡಿರುತ್ತದೆ. ಈ ಫೈಲ್ ಹೊರಗಿನಿಂದ ಬಂದದ್ದು ಎಂದು ಅದು ಸಾರುತ್ತದೆ. ಫೈಲ್ ತೆರೆಯುವಾಗ ವಿಂಡೋಸಿನ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಕೊಡುವುದು ಈ ಗುರುತು ನೋಡಿ. ವರ್ಡ್ ಅಥವಾ ಎಕ್ಸೆಲ್ ಫೈಲ್ ಮೊದಲು ತಿದ್ದಲಾಗದ ರಕ್ಷಿತ ನೋಟದಲ್ಲಿ ತೆರೆಯುವುದೂ, ಅದರೊಳಗಿನ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ಓಡದಂತೆ ತಡೆಹಿಡಿಯುವುದೂ ಈ ಗುರುತಿನ ಆಧಾರದ ಮೇಲೆಯೇ. ವಿಂಡೋಸಿನ ಹಳೆಯ ಎಫ್‌ಟಿಪಿ ಕಮಾಂಡ್ ಗುರುತು ಹಾಕುವುದಿಲ್ಲ. ಬೇರೆ ಪ್ರೋಗ್ರಾಂಗಳಲ್ಲಿ ಅದು ಆವೃತ್ತಿ ಮತ್ತು ಸೆಟ್ಟಿಂಗ್ ಮೇಲೆ ನಿಂತಿದೆ. ಗುರುತಿಲ್ಲದ ಫೈಲನ್ನು ವಿಂಡೋಸ್ ಇದೇ ಕಂಪ್ಯೂಟರಿನಲ್ಲಿ ಹುಟ್ಟಿದ ಫೈಲೆಂದೇ ಭಾವಿಸುತ್ತದೆ. ಇ-ಮೇಲಿನಲ್ಲಿ ಬಂದಿದ್ದರೆ ಎಚ್ಚರಿಕೆ ತೋರಿಸುತ್ತಿದ್ದ ಅದೇ ವರ್ಡ್ ಫೈಲ್, ಎಫ್‌ಟಿಪಿಯಲ್ಲಿ ಬಂದಾಗ ಸದ್ದಿಲ್ಲದೆ ತೆರೆದುಕೊಳ್ಳಬಹುದು.

ಮುಖ್ಯ ಕಾವಲು: ಡಿಸ್ಕಿನ ಮೇಲೆ

ಯಾವ ದಾರಿಯಲ್ಲಿ ಬಂದರೂ ಫೈಲ್ ಕೊನೆಗೆ ಡಿಸ್ಕಿನಲ್ಲಿ ಬಂದು ಕೂರಲೇಬೇಕು. ಆಂಟಿವೈರಸ್ಸಿನ ರಿಯಲ್‌ಟೈಮ್ ರಕ್ಷಣೆ ಕಾಯುವುದು ಈ ಜಾಗವನ್ನು. ವಿಂಡೋಸಿನಲ್ಲಿ ಅದು ಫೈಲ್ ವ್ಯವಸ್ಥೆಯ ನಡುವೆಯೇ ಒಂದು ಸೋಸುಕದಂತೆ ಕೂತಿರುತ್ತದೆ. ಯಾವುದೇ ಪ್ರೋಗ್ರಾಂ ಫೈಲನ್ನು ಬರೆದಾಗ, ತೆರೆದಾಗ, ಓಡಿಸಲು ಹೊರಟಾಗ ಅದಕ್ಕೆ ಸುದ್ದಿ ಮುಟ್ಟುತ್ತದೆ. ಬರೆದದ್ದು ಬ್ರೌಸರೋ ಎಫ್‌ಟಿಪಿಯೋ ಎಂಬುದು ಇಲ್ಲಿ ಮುಖ್ಯವಲ್ಲ. ಆದ್ದರಿಂದ ಮನೆ, ಅಂಗಡಿ, ಶಾಲೆಯ ಕಂಪ್ಯೂಟರಿನಲ್ಲಿ ಎಫ್‌ಟಿಪಿ ಫೈಲುಗಳ ತಪಾಸಣೆಗೆ ನಂಬಬೇಕಾದದ್ದು ಮೊದಲು ಇದನ್ನೇ.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಯಲ್ಲೇ ಬರುತ್ತದೆ. ಬೇರೆ ಆಂಟಿವೈರಸ್ ಹಾಕಿದರೆ ಕಾವಲಿನ ಕೆಲಸವನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಯಾವುದನ್ನು ಬಳಸಿದರೂ ನೋಡಬೇಕಾದ ಸಂಗತಿಗಳು ಇವೇ. ರಿಯಲ್‌ಟೈಮ್ ರಕ್ಷಣೆ ಚಾಲೂ ಇರಬೇಕು. ಎಫ್‌ಟಿಪಿಯಿಂದ ಫೈಲ್ ಬಂದು ಬೀಳುವ ಫೋಲ್ಡರ್ ಆಂಟಿವೈರಸ್ಸಿನ ವಿನಾಯಿತಿ ಪಟ್ಟಿಯಲ್ಲಿ ಇರಬಾರದು. ಕಂಪ್ಯೂಟರ್ ನಿಧಾನವಾಯಿತೆಂದೋ, ಕದ್ದ ಸಾಫ್ಟ್‌ವೇರಿನ ಕ್ರ್ಯಾಕ್ ಅಳಿಸಿಹೋಗುತ್ತದೆಂದೋ ಯಾರೋ ಒಮ್ಮೆ ಇಡೀ ಡಿ ಡ್ರೈವನ್ನು ಆ ಪಟ್ಟಿಗೆ ಸೇರಿಸಿ ಮರೆತಿರುವುದು ಅಂಗಡಿಗಳಲ್ಲಿ ಸಾಮಾನ್ಯ. ಎಫ್‌ಟಿಪಿ ಫೋಲ್ಡರ್ ಅದೇ ಡ್ರೈವಿನಲ್ಲಿದ್ದರೆ ಕಾವಲು ಇದ್ದೂ ಇಲ್ಲದಂತೆ. ವೈರಸ್‌ಗಳ ಪಟ್ಟಿ ಹೊಸದಾಗಿರಬೇಕು. ನೆಟ್ ಸರಿಯಾಗಿ ಸಿಗದ ಕಡೆ, ಡಿಫೆಂಡರಿಗೂ ಕ್ವಿಕ್ ಹೀಲಿಗೂ ಅಪ್‌ಡೇಟ್ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದು ಹಾಕುವ ಅನುಕೂಲ ಇದೆ. ಅವಧಿ ಮುಗಿದ ಆಂಟಿವೈರಸ್ಸಿನ ಗುರುತು ಪರದೆಯ ಮೂಲೆಯಲ್ಲಿ ಕಂಡರೂ ಅದು ಹೊಸ ವೈರಸ್‌ಗಳನ್ನು ಗುರುತಿಸಲಾರದು.

ಇದರ ಮೇಲೆ ಒಂದು ಶಿಸ್ತು ಸೇರಿಸಿದರೆ ಕಾವಲು ಬಿಗಿಯಾಗುತ್ತದೆ. ಎಫ್‌ಟಿಪಿಯಿಂದ ಬರುವ ಎಲ್ಲ ಫೈಲುಗಳಿಗೂ ಒಂದೇ ಫೋಲ್ಡರ್ ಗೊತ್ತುಮಾಡಿ, ಫೈಲ್ ಪೂರ್ತಿ ಬಂದ ಮೇಲೆ ಆ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಕ್ಯಾನ್ ಆಯ್ದು, ಸ್ವಚ್ಛವೆಂದು ತಿಳಿದ ನಂತರವೇ ಕೆಲಸದ ಫೋಲ್ಡರಿಗೆ ಸಾಗಿಸುವುದು. ಪೂರ್ತಿ ಬಂದ ಮೇಲೆ ಎಂಬ ಮಾತಿಗೆ ಕಾರಣವಿದೆ. ಜಿಪ್ ಫೈಲಿನೊಳಗೆ ಏನೇನಿದೆ ಎಂಬ ಪಟ್ಟಿ ಇರುವುದು ಅದರ ಕೊನೆಯಲ್ಲಿ. ಅರ್ಧ ಬಂದ ಜಿಪ್ಪನ್ನು ಆಂಟಿವೈರಸ್ ಸರಿಯಾಗಿ ಬಿಚ್ಚಿ ನೋಡಲಾರದು. ಏನೂ ಸಿಗಲಿಲ್ಲ ಎಂಬ ಉತ್ತರ ಬಂದರೂ ಅದಕ್ಕೆ ಬೆಲೆಯಿಲ್ಲ.

ಲಿನಕ್ಸ್ ಬಳಸುವವರಿಗೆ ಕ್ಲ್ಯಾಮ್‌ಎವಿ ಎಂಬ ಉಚಿತ ಮುಕ್ತ ತಂತ್ರಾಂಶ ಇದೆ. ಅದನ್ನು ಹಾಕಿದ ಮಾತ್ರಕ್ಕೆ ಪ್ರತಿ ಫೈಲಿನ ಮೇಲೂ ಅದರ ಕಣ್ಣು ಬೀಳುವುದಿಲ್ಲ. ಕ್ಲ್ಯಾಮ್‌ಸ್ಕ್ಯಾನ್ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಅದು ಹೇಳಿದ ಫೋಲ್ಡರನ್ನು ನೋಡುತ್ತದೆ. ಸದಾ ಕಾಯಬೇಕಾದರೆ ಅದರ ಆನ್-ಆಕ್ಸೆಸ್ ಸೇವೆಯನ್ನು ಬೇರೆಯಾಗಿ ಚಾಲೂ ಮಾಡಿ, ಎಫ್‌ಟಿಪಿ ಫೋಲ್ಡರಿನ ಹೆಸರು ಕೊಟ್ಟು, ಸೋಂಕಿತ ಫೈಲನ್ನು ತೆರೆಯಗೊಡಬಾರದು ಎಂಬ ಆಯ್ಕೆಯನ್ನೂ ಹಾಕಬೇಕು.

ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸುವುದು

ಎಫ್‌ಟಿಪಿಯಿಂದ ಬಂದ ಫೈಲನ್ನು ಆಂಟಿವೈರಸ್ ನಿಜಕ್ಕೂ ನೋಡುತ್ತಿದೆಯೇ ಎಂದು ತಿಳಿಯಲು ನಿಜವಾದ ವೈರಸ್ ತರುವ ಅಗತ್ಯವಿಲ್ಲ. ಅದಕ್ಕೆಂದೇ ಐಕಾರ್ ಪರೀಕ್ಷಾ ಫೈಲ್ ಇದೆ. ಯುರೋಪಿನ ಆಂಟಿವೈರಸ್ ಸಂಶೋಧಕರ ಸಂಸ್ಥೆಯ ಹೆಸರನ್ನೇ ಹೊತ್ತ ಈ ಫೈಲಿನಲ್ಲಿ ಇರುವುದು ಕೇವಲ 68 ಅಕ್ಷರಗಳು. ಅದು ಯಾವ ಹಾನಿಯನ್ನೂ ಮಾಡುವುದಿಲ್ಲ. ಅದನ್ನು ಕಂಡರೆ ವೈರಸ್ ಕಂಡಂತೆಯೇ ಕೂಗಬೇಕೆಂದು ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಐಕಾರ್ ಸಂಸ್ಥೆಯ ತಾಣದಲ್ಲಿ ಅದು ಬಿಡಿಯಾಗಿಯೂ, ಜಿಪ್ಪಿನೊಳಗೂ, ಜಿಪ್ಪಿನೊಳಗಿನ ಜಿಪ್ಪಿನಲ್ಲೂ ಸಿಗುತ್ತದೆ.

ಮೊಬೈಲ್ ಮತ್ತು ಕಂಪ್ಯೂಟರ್ ಎರಡೂ ಒಂದೇ ವೈಫೈನಲ್ಲಿದ್ದರೆ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಐಕಾರ್ ಫೈಲನ್ನು ಮೊದಲು ಮೊಬೈಲಿಗೆ ಇಳಿಸಿಕೊಳ್ಳಬೇಕು. ಮೊಬೈಲಿನ ಫೈಲ್ ಮ್ಯಾನೇಜರಿನಲ್ಲಿ ಎಫ್‌ಟಿಪಿ ಸೇವೆಯನ್ನು ಚಾಲೂ ಮಾಡಿದರೆ ಪರದೆಯ ಮೇಲೆ 192.168 ಎಂದು ಶುರುವಾಗುವ ವಿಳಾಸ ಮತ್ತು ಪೋರ್ಟ್ ಸಂಖ್ಯೆ ಕಾಣುತ್ತದೆ; ಬಹಳ ಕಡೆ ಅದು 2121 ಆಗಿರುತ್ತದೆ. ಕಂಪ್ಯೂಟರಿನ ಫೈಲ್‌ಜಿಲ್ಲಾದಲ್ಲಿ ಅದೇ ವಿಳಾಸ, ಅದೇ ಪೋರ್ಟ್ ಕೊಟ್ಟು ಮೊಬೈಲಿನ ಫೋಲ್ಡರ್ ತೆರೆದು, ಫೈಲನ್ನು ಕಂಪ್ಯೂಟರಿನ ಎಫ್‌ಟಿಪಿ ಫೋಲ್ಡರಿಗೆ ಎಳೆದು ಹಾಕಬೇಕು.

ಬಿಡಿ ಫೈಲ್ ಬಂದು ಬಿದ್ದ ಕೂಡಲೇ ಎಚ್ಚರಿಕೆ ಬಂದು ಅದು ಮಾಯವಾದರೆ, ಅಥವಾ ಬರೆಯಲಾಗಲಿಲ್ಲ ಎಂದು ಫೈಲ್‌ಜಿಲ್ಲಾವೇ ದೂರಿದರೆ, ಕಾವಲು ಸರಿಯಾಗಿದೆ. ಜಿಪ್ ಫೈಲ್ ಸುಮ್ಮನೆ ಬಂದು ಕೂತು, ಬಿಚ್ಚಿದಾಗ ಮಾತ್ರ ಸಿಕ್ಕಿಬಿದ್ದರೂ ಚಿಂತೆಯಿಲ್ಲ. ವೇಗದ ಸಲುವಾಗಿ ಕೆಲವು ಆಂಟಿವೈರಸ್‌ಗಳು ಜಿಪ್ಪನ್ನು ಆಗಲೇ ಬಿಚ್ಚುವುದಿಲ್ಲ. ಆದರೆ ಬಿಚ್ಚಿ ತೆಗೆದ ಫೈಲನ್ನು ತೆರೆದರೂ ಏನೂ ಆಗದಿದ್ದರೆ ರಕ್ಷಣೆ ನಿಂತಿದೆ ಎಂದು ತಿಳಿಯಬೇಕು, ಇಲ್ಲವೇ ಆ ಫೋಲ್ಡರ್ ವಿನಾಯಿತಿ ಪಟ್ಟಿಯಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಮೊಬೈಲಿನ ಎಫ್‌ಟಿಪಿ ಸೇವೆಯನ್ನು ನಿಲ್ಲಿಸಬೇಕು. ಪಾಸ್‌ವರ್ಡ್ ಇಡದೆ ಅದನ್ನು ಚಾಲೂ ಬಿಟ್ಟರೆ ಅದೇ ವೈಫೈನಲ್ಲಿರುವ ಯಾರಾದರೂ ಮೊಬೈಲಿನ ಫೈಲುಗಳನ್ನು ನೋಡಬಹುದು.

ಜಾಲದ ಬಾಗಿಲಲ್ಲಿ ತಪಾಸಣೆ

ಹತ್ತಾರು ಕಂಪ್ಯೂಟರ್‌ಗಳಿರುವ ಕಾಲೇಜು, ಬ್ಯಾಂಕು, ಆಸ್ಪತ್ರೆಗಳಲ್ಲಿ ಎರಡನೆಯ ಕಾವಲನ್ನು ಇಂಟರ್‌ನೆಟ್ ಒಳಬರುವ ಬಾಗಿಲಲ್ಲೇ ಇಡುತ್ತಾರೆ. ಇದು ಫೈರ್‌ವಾಲ್ ಯಂತ್ರವೇ ಆಗಿರಬಹುದು, ನಡುವೆ ಕೂತ ಪ್ರಾಕ್ಸಿ ಸರ್ವರ್ ಆಗಿರಬಹುದು. ಎಫ್‌ಟಿಪಿಯ ಆಜ್ಞೆಗಳನ್ನು ಓದಿ, ಫೈಲ್ ಬರುವ ಸಂಪರ್ಕವನ್ನು ಹಿಡಿದು, ಫೈಲನ್ನು ಮೊದಲು ತಾನು ತುಂಬಿಕೊಂಡು, ತಪಾಸಿಸಿ, ಆಮೇಲೆ ಒಳಗೆ ಬಿಡುವುದು ಅದರ ಕ್ರಮ.

ಈ ಕ್ರಮದಲ್ಲಿ ತೊಡಕುಗಳಿವೆ. ದೊಡ್ಡ ಫೈಲ್ ಪೂರ್ತಿ ಬರುವವರೆಗೆ ಬಾಗಿಲಲ್ಲೇ ಹಿಡಿದಿಟ್ಟರೆ, ಒಳಗಿನ ಎಫ್‌ಟಿಪಿ ಪ್ರೋಗ್ರಾಂ ಏನೂ ಬರುತ್ತಿಲ್ಲವೆಂದು ಸಂಪರ್ಕ ಕಡಿದುಕೊಳ್ಳುತ್ತದೆ. ಇದನ್ನು ತಪ್ಪಿಸಲು ಕೆಲವು ಯಂತ್ರಗಳು ಫೈಲನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡುತ್ತ, ಕೊನೆಯ ತುಣುಕನ್ನು ಮಾತ್ರ ತಪಾಸಣೆ ಮುಗಿಯುವವರೆಗೆ ತಡೆದಿಡುತ್ತವೆ. ಇನ್ನೊಂದು ತೊಡಕು ನಡುವೆ ನಿಂತ ಡೌನ್‌ಲೋಡನ್ನು ಮುಂದುವರಿಸುವ ಸೌಲಭ್ಯದ್ದು. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಫೈಲನ್ನು ಎಫ್‌ಟಿಪಿ ನಿಂತಲ್ಲಿಂದಲೇ ಮುಂದುವರಿಸಬಲ್ಲದು. ಬಳಸುವವರಿಗೆ ಅದು ಉಪಕಾರಿ. ಆದರೆ ಬಾಗಿಲಲ್ಲಿರುವ ತಪಾಸಕನಿಗೆ ಫೈಲ್ ಎರಡು ಬೇರೆ ತುಂಡುಗಳಾಗಿ ಕಾಣುತ್ತದೆ, ಇಡಿಯಾಗಿ ಒಮ್ಮೆಯೂ ಸಿಗುವುದಿಲ್ಲ. ವೈರಸ್ಸಿನ ಗುರುತು ಎರಡೂ ತುಂಡುಗಳಲ್ಲಿ ಹಂಚಿಹೋಗಿದ್ದರೆ ಅದು ತಪ್ಪಿಸಿಕೊಳ್ಳುತ್ತದೆ. ಒಂದೇ ಫೈಲನ್ನು ಏಕಕಾಲಕ್ಕೆ ಹಲವು ತುಂಡುಗಳಲ್ಲಿ ತರುವ ಡೌನ್‌ಲೋಡ್ ಮ್ಯಾನೇಜರ್‌ಗಳಿಂದಲೂ ಇದೇ ಸಮಸ್ಯೆ. ಬಿಗಿ ತಪಾಸಣೆ ಬಯಸುವ ಜಾಲಗಳಲ್ಲಿ ಮುಂದುವರಿಸುವ ಆಜ್ಞೆಯನ್ನೇ ನಿರ್ಬಂಧಿಸುವುದು ಇದರಿಂದ.

ಗೂಢಲಿಪಿಯದು ಇನ್ನೊಂದು ಬಗೆಯ ತೊಡಕು. ಮೂಲ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಓದಲು ಬರುವಂತೆಯೇ ಹೋಗುತ್ತದೆ. ಅದನ್ನು ಸರಿಪಡಿಸಲು ಎರಡು ದಾರಿಗಳು ಬಂದವು. ಎಫ್‌ಟಿಪಿಗೇ ಗೂಢಲಿಪಿಯ ಹೊದಿಕೆ ಹಾಕಿದ್ದು ಎಫ್‌ಟಿಪಿಎಸ್. ಅದರ ಈಗಿನ ಕ್ರಮ 2005ರ ಆರ್‌ಎಫ್‌ಸಿ 4217ರಲ್ಲಿದೆ. ಹೆಸರಿನಲ್ಲಿ ಹತ್ತಿರವಾದರೂ ಎಸ್‌ಎಫ್‌ಟಿಪಿ ಬೇರೆಯೇ ಪದ್ಧತಿ. ಅದು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಮೇಲೆ, ಸಾಮಾನ್ಯವಾಗಿ 22ನೇ ಪೋರ್ಟಿನಲ್ಲಿ ನಡೆಯುತ್ತದೆ. ಎರಡರಲ್ಲೂ ಪಾಸ್‌ವರ್ಡ್ ಮತ್ತು ಫೈಲ್ ಸುರಕ್ಷಿತವಾಗಿ ಸಾಗುತ್ತವೆ. ಆದರೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಸೀಲು ಹಾಕಿದ ಕಂಟೇನರ್ ಉಮರ್ಗಾ ದಾಟುವಾಗ ನೋಡುವವರಿಗೆ ಲಾರಿಯ ನಂಬರ್ ಕಾಣುತ್ತದೆಯೇ ಹೊರತು ಒಳಗಿನ ಸರಕು ಕಾಣುವುದಿಲ್ಲವಲ್ಲ, ಬಾಗಿಲಿನ ತಪಾಸಕನಿಗೂ ಹಾಗೆಯೇ ಆಗುತ್ತದೆ. ಕಳ್ಳರಿಂದ ಕಾಯುವ ಗೂಢಲಿಪಿ ವೈರಸ್ಸನ್ನೂ ಮರೆಮಾಡುತ್ತದೆ. ಇದಕ್ಕಾಗಿ ಗೂಢಲಿಪಿಯನ್ನು ಬಿಡುವುದು ತಪ್ಪು. ಗೂಢಲಿಪಿ ಬಿಚ್ಚಿಕೊಳ್ಳುವುದು ಕಂಪ್ಯೂಟರಿನೊಳಗೆ, ಹಾಗಾಗಿ ಕಾವಲೂ ಅಲ್ಲೇ ಗಟ್ಟಿಯಾಗಿರಬೇಕು.

ಆಂಟಿವೈರಸ್ಸಿಗೆ ಕಾಣದ ಜಾಗಗಳು

ಎಲ್ಲ ಏರ್ಪಾಡು ಸರಿಯಾಗಿದ್ದರೂ ಆಂಟಿವೈರಸ್ ಕೆಲವು ಫೈಲುಗಳ ಒಳಗನ್ನು ನೋಡಲಾರದು. ಪಾಸ್‌ವರ್ಡ್ ಹಾಕಿದ ಜಿಪ್ ಅಂಥದ್ದು. ಪಾಸ್‌ವರ್ಡನ್ನು ಜೊತೆಯ ಟಿಪ್ಪಣಿಯಲ್ಲೇ ಬರೆದು ಕಳಿಸಿದ ಜಿಪ್ ಬಂದರೆ ಸಂಶಯಪಡುವುದು ಒಳ್ಳೆಯದು. ತಪಾಸಣೆ ತಪ್ಪಿಸಲು ಬಳಸುವ ಹಳೆಯ ಉಪಾಯ ಅದು. ಬಹಳ ದೊಡ್ಡ ಫೈಲೂ ಅಂಥದ್ದೇ. ಅನೇಕ ತಪಾಸಕಗಳಿಗೆ ಗಾತ್ರದ ಮಿತಿ ಇರುತ್ತದೆ. ಕ್ಲ್ಯಾಮ್‌ಎವಿಯಲ್ಲಿ ಬೇರೆ ಸೂಚನೆ ಕೊಡದಿದ್ದರೆ ಮಿತಿ ಮೀರಿದ ಫೈಲ್ ನೋಡದೆಯೇ ಸರಿಯಿದೆ ಎಂಬ ಸಾಲಿಗೆ ಸೇರುತ್ತದೆ; ಮಿತಿ ಮೀರಿದಾಗ ಎಚ್ಚರಿಸು ಎಂಬ ಆಯ್ಕೆಯನ್ನು ನಾವೇ ಹಾಕಬೇಕು.

ಎಫ್‌ಟಿಪಿಗೇ ವಿಶಿಷ್ಟವಾದ ಒಂದು ಗೊಂದಲವೂ ಇದೆ. ಅದು ಫೈಲನ್ನು ಎರಡು ರೀತಿಯಲ್ಲಿ ಸಾಗಿಸಬಲ್ಲದು: ಪಠ್ಯವೆಂದು ಆಸ್ಕಿ ರೀತಿಯಲ್ಲಿ, ಇಲ್ಲವೇ ಇದ್ದದ್ದು ಇದ್ದಂತೆ ಬೈನರಿ ರೀತಿಯಲ್ಲಿ. ಆಸ್ಕಿ ರೀತಿಯಲ್ಲಿ ಸಾಲು ಮುಗಿಯುವ ಗುರುತುಗಳು ಎರಡೂ ಕಡೆಯ ಯಂತ್ರಕ್ಕೆ ತಕ್ಕಂತೆ ಬದಲಾಗುತ್ತವೆ. ಪ್ರೋಗ್ರಾಂ, ಜಿಪ್, ಫೋಟೊಗಳನ್ನು ತಪ್ಪಿ ಹಾಗೆ ತಂದರೆ ಅವು ಕೆಡುತ್ತವೆ. ಕೆಟ್ಟ ಜಿಪ್ ಬಿಚ್ಚುವುದಿಲ್ಲ, ಬಿಚ್ಚದ್ದನ್ನು ತಪಾಸಿಸಲೂ ಆಗುವುದಿಲ್ಲ. ವಿಂಡೋಸಿನ ಹಳೆಯ ಎಫ್‌ಟಿಪಿ ಕಮಾಂಡ್ ಶುರುವಾಗುವುದೇ ಆಸ್ಕಿ ರೀತಿಯಲ್ಲಿ. ಬೈನರಿ ಎಂದು ಮೊದಲು ಹೇಳಿಯೇ ಫೈಲ್ ಕೇಳಬೇಕು.

ಮೂಲ ಫೈಲೇ ಕೆಟ್ಟಿದ್ದರೆ

ಇವೆಲ್ಲಕ್ಕಿಂತ ದೊಡ್ಡ ಮಿತಿ ಬೇರೆ. ಆಂಟಿವೈರಸ್ ಮುಖ್ಯವಾಗಿ ಈಗಾಗಲೇ ಗೊತ್ತಿರುವ ಕೇಡನ್ನು, ಅದರ ಹೋಲಿಕೆಯನ್ನು ಹಿಡಿಯುತ್ತದೆ. ಫೈಲ್ ಇಟ್ಟ ಮೂಲ ಸರ್ವರಿಗೇ ಯಾರಾದರೂ ನುಗ್ಗಿ, ಹಿಂದೆಂದೂ ಕಾಣದ ನಾಲ್ಕು ಸಾಲು ಸೇರಿಸಿದರೆ ಅದಕ್ಕೆ ತಿಳಿಯುವುದು ಕಷ್ಟ. ಎಫ್‌ಟಿಪಿಯ ಇತಿಹಾಸದಲ್ಲಿ ಹೀಗೆ ಆದದ್ದು ಹಲವು ಸಲ.

2002ರ ಜುಲೈ ಕೊನೆಯಲ್ಲಿ, ಸುರಕ್ಷತೆಗೇ ಹೆಸರಾದ ಓಪನ್‌ಬಿಎಸ್‌ಡಿ ಬಳಗದ ಎಫ್‌ಟಿಪಿ ಸರ್ವರಿನಲ್ಲಿದ್ದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ ಮೂಲಪ್ರತಿಯ ಜಾಗದಲ್ಲಿ, ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಸೇರಿಸಿದ ಪ್ರತಿ ಬಂದು ಕೂತಿತು. ಅದು ಬಯಲಾದದ್ದು ಆಂಟಿವೈರಸ್ಸಿನಿಂದಲ್ಲ. ಇಳಿಸಿದ ಫೈಲಿನ ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಮೊತ್ತ) ದಾಖಲೆಯಲ್ಲಿದ್ದ ಚೆಕ್‌ಸಮ್ಮಿಗೆ ಹೊಂದದೆ ಇದ್ದದ್ದರಿಂದ. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಸೆಂಡ್‌ಮೇಲ್ ಎಂಬ ಇ-ಮೇಲ್ ತಂತ್ರಾಂಶದ ಎಫ್‌ಟಿಪಿ ಸರ್ವರಿಗೂ ಅದೇ ಗತಿ ಬಂತು. ಅಲ್ಲಿ ಎಫ್‌ಟಿಪಿಯಿಂದ ಇಳಿಸಿದ ಪ್ರತಿಗಳಲ್ಲಿ ಕೇಡು ಇತ್ತು, ವೆಬ್ ದಾರಿಯಲ್ಲಿ ಇಳಿಸಿದವುಗಳಲ್ಲಿ ಕಂಡುಬರಲಿಲ್ಲ. 2011ರ ಜುಲೈನಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ತಂತ್ರಾಂಶದ 2.3.4 ಆವೃತ್ತಿಯಲ್ಲಿಯೇ ಹಿಂಬಾಗಿಲು ಸಿಕ್ಕಿತು: ಬಳಕೆದಾರನ ಹೆಸರಿನ ಜಾಗದಲ್ಲಿ ಕೋಲನ್ ಮತ್ತು ಆವರಣ ಚಿಹ್ನೆ ಸೇರಿದ ನಗುಮುಖ ಬರೆದರೆ 6200ನೇ ಪೋರ್ಟಿನಲ್ಲಿ ಬಾಗಿಲು ತೆರೆಯುತ್ತಿತ್ತು. ಇಲ್ಲೂ ಫೈಲಿನ ಡಿಜಿಟಲ್ ಸಹಿಯನ್ನು ತಾಳೆ ನೋಡಿದವರಿಗೆ ಅದು ಹೊಂದುತ್ತಿರಲಿಲ್ಲ.

ಆದ್ದರಿಂದ ಪ್ರೋಗ್ರಾಂ ಫೈಲುಗಳಿಗೆ ವೈರಸ್ ತಪಾಸಣೆಯ ಜೊತೆಗೆ ಮೂಲದ ತಪಾಸಣೆಯೂ ಬೇಕು. ಹಲವು ತಯಾರಕರು ಫೈಲಿನ ಜೊತೆಗೆ ಅದರ ಎಸ್‌ಎಚ್‌ಎ-256 ಮೊತ್ತವನ್ನು ಪ್ರಕಟಿಸುತ್ತಾರೆ. ಅದು 64 ಅಂಕಿ-ಅಕ್ಷರಗಳ ಸಾಲು. ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಸಾಲು ಪೂರ್ತಿ ಬದಲಾಗುತ್ತದೆ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಇಳಿಸಿದ ಫೈಲಿನ ಮೊತ್ತ ತೆಗೆದು ಹೋಲಿಸಬಹುದು. ಮೊತ್ತವನ್ನು ಅದೇ ಎಫ್‌ಟಿಪಿ ಸರ್ವರಿನಿಂದ ಪಡೆಯಬಾರದು, ತಯಾರಕರ ಸುರಕ್ಷಿತ ವೆಬ್‌ಸೈಟಿನಲ್ಲಿ ನೋಡಬೇಕು. ಫೈಲನ್ನು ಬದಲಿಸಬಲ್ಲವನು ಪಕ್ಕದಲ್ಲಿರುವ ಮೊತ್ತವನ್ನೂ ಬದಲಿಸಬಲ್ಲ. ಕನ್ನಡ ಬರೆಯಲು ಬೇಕಾದ ನುಡಿ, ಬರಹದಂಥ ತಂತ್ರಾಂಶಗಳೂ, ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಕಾದ ಮಹಾರಾಷ್ಟ್ರದ ಬಾಲಭಾರತಿಯ ಪಠ್ಯಪುಸ್ತಕಗಳೂ ಗಡಿಯೂರುಗಳಲ್ಲಿ ಕೈಯಿಂದ ಕೈಗೆ, ಫೋಲ್ಡರಿನಿಂದ ಫೋಲ್ಡರಿಗೆ ಹೋಗುವುದುಂಟು. ಅವುಗಳನ್ನು ಹೊರತಂದವರ ತಾಣದಿಂದಲೇ ಹೊಸದಾಗಿ ಇಳಿಸಿಕೊಂಡರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

ಸರ್ವರ್ ನಡೆಸುವವರ ಹೊಣೆ

ಎಫ್‌ಟಿಪಿ ಸರ್ವರ್ ಇಟ್ಟವರು ಏರಿಸುವ ಘಟ್ಟದಲ್ಲೇ ತಪಾಸಣೆ ಇಟ್ಟರೆ ಇಳಿಸಿಕೊಳ್ಳುವ ಎಲ್ಲರಿಗೂ ಉಪಕಾರ. ಪ್ಯೂರ್-ಎಫ್‌ಟಿಪಿಡಿ ಎಂಬ ಸರ್ವರಿನಲ್ಲಿ ಪ್ರತಿ ಫೈಲ್ ಏರಿ ಮುಗಿದ ಕೂಡಲೇ ನಾವು ಹೇಳಿದ ಪ್ರೋಗ್ರಾಂ ಓಡುವ ಅನುಕೂಲ ಇದೆ. ಅಲ್ಲಿ ಕ್ಲ್ಯಾಮ್‌ಎವಿಯನ್ನು ಹಚ್ಚಿದರೆ ಸೋಂಕಿತ ಫೈಲನ್ನು ಬೇರೆ ಫೋಲ್ಡರಿಗೆ ತಳ್ಳಬಹುದು. ಬೇರೆ ಸರ್ವರ್‌ಗಳಲ್ಲಿ ಏರಿಸಿದ ಫೈಲುಗಳನ್ನು ಮೊದಲು ಯಾರಿಗೂ ಕಾಣದ ಫೋಲ್ಡರಿನಲ್ಲಿ ಹಿಡಿದು, ತಪಾಸಣೆಯ ನಂತರ ಹೊರಗಿಡುವುದು ಸರಳ ದಾರಿ.

ಸುಲಭದ ಪಾಸ್‌ವರ್ಡ್ ಇಟ್ಟ ಸರ್ವರುಗಳಿಗೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಬೆಳಕಿಗೆ ಬಂದ ಫೋಟೊಮೈನರ್ ತೋರಿಸಿತು. ದುರ್ಬಲ ಪಾಸ್‌ವರ್ಡಿನ ಎಫ್‌ಟಿಪಿ ಸರ್ವರ್‌ಗಳನ್ನು ಹುಡುಕಿ ಒಳನುಗ್ಗಿ, ಫೋಟೊ ಎಂಬ ಹೆಸರಿನ ಆದರೆ ಫೋಟೊ ಅಲ್ಲದ ಪ್ರೋಗ್ರಾಂ ಫೈಲನ್ನು ಫೋಲ್ಡರ್‌ಗಳಲ್ಲಿ ಇಟ್ಟು, ಅದನ್ನು ತೆರೆದವರ ಕಂಪ್ಯೂಟರನ್ನು ಮೊನೆರೊ ಎಂಬ ಡಿಜಿಟಲ್ ಹಣ ಗಳಿಸುವ ಗಾಣಕ್ಕೆ ಹೂಡುತ್ತಿತ್ತು. 2009ರಲ್ಲಿ ಹಬ್ಬಿದ ಗಂಬ್ಲಾರ್ ಉಲ್ಟಾ ದಿಕ್ಕಿನಿಂದ ಬಂದದ್ದು: ಸೋಂಕಿತ ಕಂಪ್ಯೂಟರಿನಿಂದ ಎಫ್‌ಟಿಪಿ ಪಾಸ್‌ವರ್ಡ್ ಕದ್ದು, ಆ ಮೂಲಕ ವೆಬ್‌ಸೈಟುಗಳಿಗೆ ಕೇಡಿನ ಸಾಲುಗಳನ್ನು ತೂರಿಸುತ್ತಿತ್ತು. ಹಾಗಾಗಿ ಎಫ್‌ಟಿಪಿ ಪ್ರೋಗ್ರಾಂನಲ್ಲಿ ಪಾಸ್‌ವರ್ಡ್ ಉಳಿಸುವುದಿದ್ದರೆ ಫೈಲ್‌ಜಿಲ್ಲಾದಂಥವು ಕೊಡುವ ಮಾಸ್ಟರ್ ಪಾಸ್‌ವರ್ಡನ್ನು ಬಳಸಬೇಕು. ಝೆರಾಕ್ಸ್ ಯಂತ್ರ, ಸಿಸಿಟಿವಿಗಳಲ್ಲಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ವೈರಸ್ ಸಿಕ್ಕರೆ

ಎಫ್‌ಟಿಪಿ ಫೈಲಿನಲ್ಲಿ ಸೋಂಕು ಸಿಕ್ಕರೆ ಆಂಟಿವೈರಸ್ ಅದನ್ನು ಪ್ರತ್ಯೇಕವಾಗಿ ಕೂಡಿಹಾಕುವ ಕ್ವಾರಂಟೈನಿಗೆ ಹಾಕಲು ಬಿಡಬೇಕು. ತಪ್ಪು ಎಚ್ಚರಿಕೆ ಇರಬಹುದೆಂದು ನಾವೇ ತೀರ್ಮಾನಿಸಿ ವಿನಾಯಿತಿ ಕೊಡಬಾರದು; ಕಳಿಸಿದವರಿಗೆ ಫೋನ್ ಮಾಡಿ ವಿಚಾರಿಸಬೇಕು, ಏಕೆಂದರೆ ಅವರ ಸರ್ವರಿನಲ್ಲಿ ಅದೇ ಫೈಲ್ ಇನ್ನೂ ಬೇರೆಯವರಿಗೆ ಹೋಗುತ್ತಿರಬಹುದು. ಫೈಲನ್ನು ಆಗಲೇ ತೆರೆದಿದ್ದರೆ ಕಂಪ್ಯೂಟರನ್ನು ನೆಟ್ಟಿನಿಂದ ಬಿಡಿಸಿ ಪೂರ್ತಿ ಸ್ಕ್ಯಾನ್ ಮಾಡಬೇಕು, ಆ ದಿನ ಹಚ್ಚಿದ ಪೆನ್‌ಡ್ರೈವ್‌ಗಳನ್ನೂ ನೋಡಬೇಕು, ಎಫ್‌ಟಿಪಿ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೊಂದು ಸ್ವಚ್ಛ ಕಂಪ್ಯೂಟರಿನಿಂದ ಬದಲಿಸಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸೋಂಕು ತೆಗೆಯುವ ಉಚಿತ ಸಾಧನಗಳಿವೆ. ಸೋಂಕಿನಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.